ನನ್ನದಲ್ಲದ ‘ನಾನು’

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ಸಭಾಪಾಲಕರೇ, ಮುಖ್ಯ ಅತಿಥಿಗಳಾಗಿ ದೂರದಿಂದ ಬಂದಿರುವ, ಹಿಂದೆ ಸಭಾಪಾಲಕರಾಗಿ ನಮ್ಮನ್ನೆಲ್ಲ ಬಹಳ ವರ್ಷ ಪೋಷಿಸಿದ ಹಿರಿಯ ಅಯ್ಯನವರೇ, ವೇದಿಕೆಯ ಮೇಲಿರುವ ಗಣ್ಯರೇ, ಸ್ತ್ರೀಯರ ಸಂಘದ ಅಕ್ಕತಂಗಿಯರೇ, ಗಾಯಕವೃಂದದವರೇ, ಎಡಗಡೆಯ ಮೊದಲ ಸಾಲುಗಳಲ್ಲಿ ಕೂತು, ನನ್ನ ಬಾಯಿಯ ಕಡೆ ನೋಡದೆ ಪಕ್ಕದಲ್ಲಿ ನಿಂತಿರುವ ಟೀಚರಮ್ಮನ ಕೈಗಳನ್ನೇ ನೋಡುತ್ತಿರುವ ನನ್ನ ಗೆಳೆಯ ಗೆಳತಿಯರೇ, ಕರ್ತನಲ್ಲಿ ಪ್ರಿಯರಾದ ಎಲ್ಲ ಸಭಿಕರೇ,

ಈ ಮೈಕಿನ ಹಿಂದೆ ನಿಂತು ನನಗೆ ಅಭ್ಯಾಸವಿಲ್ಲ. ಇದರ ಪಕ್ಕದಲ್ಲಿ ನಿಂತು ಅಭ್ಯಾಸವಿದೆ. ಕಪ್ಪು ಬಟ್ಟೆ ತೊಟ್ಟು, ಉಗುರು ಕತ್ತರಿಸಿಕೊಂಡು, ಬಳೆ ಉಂಗುರ ತೆಗೆದಿಟ್ಟು, ದೀಪದ ಬೆಳಕು ಮುಖಕ್ಕೂ ಕೈಗಳಿಗೂ ಬೀಳುವ ಜಾಗ ನೋಡಿಕೊಂಡು ನಿಲ್ಲುವುದು ನನ್ನ ಕೆಲಸವಾಗಿತ್ತು. ಇಲ್ಲಿ ನಿಂತವರು ಆಡಿದ್ದನ್ನು ಕಿವಿ ಕೇಳಿಸದವರಿಗೆ ಕೈಸನ್ನೆಯ ಭಾಷೆಯಲ್ಲಿ ಹೇಳುವುದು, ಅವರು ಕೈಯಲ್ಲಿ ಆಡಿದ್ದನ್ನು ನಿಮಗೆ ಬಾಯಲ್ಲಿ ಹೇಳುವುದು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದನ್ನೇ ಮಾಡಿದೆ. ಈಗ ಆ ಜಾಗದಲ್ಲಿ ಟೀಚರಮ್ಮ ನಿಂತಿದ್ದಾರೆ. ನಾನು ಮಾತಾಡುತ್ತಿದ್ದರೂ ನನ್ನ ಕೈಗಳು ಸುಮ್ಮನಿರುತ್ತಿಲ್ಲ ನೋಡಿ. ಅದಕ್ಕೇ ಈ ಮೇಜಿನ ಅಂಚನ್ನು ಹಿಡಿದುಕೊಂಡಿದ್ದೇನೆ. ಟೀಚರಮ್ಮ, ಇದನ್ನೂ ಹೇಳಿ ಅವರಿಗೆ. ನಗಲಿ.

ಮೊದಲು ಒಂದು ತಕರಾರು ಇದೆ. ಈಗಷ್ಟೇ ನಮ್ಮ ಕಾರ್ಯದರ್ಶಿಗಳು ಸನ್ಮಾನದ ಮಾತುಗಳನ್ನು ಓದಿದರು. ‘ತನ್ನನ್ನೇ ತಾನು ಮರೆತು ಸೇವೆ ಮಾಡಿದ ಸಹೋದರಿ’ ಎಂದರು. ಚಪ್ಪಾಳೆಯೂ ಆಯಿತು. ಕಾರ್ಯದರ್ಶಿಗಳ ಮೇಲೆ ನನಗೆ ಸಿಟ್ಟಿಲ್ಲ, ಅವರು ಎಲ್ಲರನ್ನೂ ಒಳ್ಳೆಯವರೆಂದೇ ನಂಬುವ ಮನುಷ್ಯ. ಆದರೆ ಆ ಮಾತು ಕೇಳಿದಾಗಿನಿಂದ ಕುರ್ಚಿಯಲ್ಲಿ ನನಗೆ ಕೂರಲಾಗಲಿಲ್ಲ. ನಾನು ನನ್ನನ್ನು ಯಾವತ್ತು ಮರೆತಿದ್ದೆ? ಯಾವ ಬೆಳಗ್ಗೆ ಮರೆತಿದ್ದೆ? ದಿನಾ ನಾನು ಏಳುವ ಮೊದಲೇ ಆ ‘ನಾನು’ ಎದ್ದು, ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ನನಗಾಗಿ ಕಾಯುತ್ತಿರುತ್ತಾಳೆ. ಈ ಸಭಾಂಗಣಕ್ಕೆ ಬರುವಾಗಲೂ ನನ್ನ ಜೊತೆಗೇ ಬಂದಳು. ಹೊಗಳಿಕೆ ಕೇಳಿ ಸ್ವಲ್ಪ ದಪ್ಪವೂ ಆಗಿದ್ದಾಳೆ.

ಆದ್ದರಿಂದ, ಅಧ್ಯಕ್ಷರ ಅಪ್ಪಣೆಯಿದ್ದರೆ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಊಟ ಆರಿಹೋಗುವಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ.

ನಾನು ಈ ಭಾಷೆ ಕಲಿತದ್ದು ಸೇವೆ ಮಾಡಬೇಕೆಂದಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ನಮ್ಮ ನಾದಿನಿ ಇದ್ದಳು. ಅದೋ, ಅಲ್ಲಿ ಎರಡನೆಯ ಕುರ್ಚಿಯಲ್ಲಿ ಗಂಡನ ಪಕ್ಕ ಕೂತಿದ್ದಾಳೆ, ತನ್ನ ವಿಷಯ ಬಂತೆಂದು ಈಗಲೇ ಹುಬ್ಬೇರಿಸುತ್ತಿದ್ದಾಳೆ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಿಸದು. ಬಸ್ಸುಗಳಿಗೆ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿನ ಮಿಷನ್ನುಗಳ ಗದ್ದಲಕ್ಕೆ ಉಳಿದವರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡಿದ್ದರೆ, ಇವಳು ಆರಾಮಾಗಿ ಕೂತು, ದಪ್ಪ ರೆಕ್ಸಿನ್ನಿಗೆ ನೇರವಾದ ಹೊಲಿಗೆ ಹಾಕುತ್ತಾ, ಎದುರು ಮಿಷನ್ನಿನವಳ ಜೊತೆ ಮೇಲ್ವಿಚಾರಕನ ಬಗ್ಗೆ ಕಣ್ಣಲ್ಲೇ ಚಾಡಿ ಹೇಳುತ್ತಿದ್ದಳು.

ಆ ಮನೆಯಲ್ಲಿ ಅವಳ ಭಾಷೆ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ನಮ್ಮ ಯಜಮಾನರಿಗೆ, ಅಂದರೆ ಅವಳ ಅಣ್ಣನಿಗೆ, ಅರ್ಧಂಬರ್ಧ ಬರುತ್ತಿತ್ತು. ಅತ್ತೆಗೆ ಬರುತ್ತಿದ್ದದ್ದು ಅಡುಗೆಮನೆಯ ಸನ್ನೆಗಳು ಮಾತ್ರ: ಉಣ್ಣು, ಬಾ, ಬೇಡ, ಬಾಗಿಲು ಹಾಕು. ಹೆತ್ತ ಮಗಳ ಜೊತೆ ಅಷ್ಟರಲ್ಲೇ ಬದುಕು ಕಳೆದಿದ್ದರು. ಹೊಸದಾಗಿ ಬಂದ ನನಗೆ ಮಾತಾಡಲು ಯಾರಾದರೂ ಬೇಕಿತ್ತು. ಅವಳಿಗೂ ಬೇಕಿತ್ತು. ರಾತ್ರಿಯೂಟ ಮುಗಿದು ಪಾತ್ರೆ ತೊಳೆಯುವಾಗ ಅವಳು ನೊರೆ ಮೆತ್ತಿದ ಕೈಗಳಲ್ಲೇ ನನಗೆ ಪಾಠ ಶುರು ಮಾಡಿದಳು. ಮೊಟ್ಟಮೊದಲು ಕಲಿಸಿದ್ದು ಅತ್ತೆಗೆ ಅವಳಿಟ್ಟಿದ್ದ ಅಡ್ಡಹೆಸರು. ಅದನ್ನು ಈ ಪವಿತ್ರ ವೇದಿಕೆಯಿಂದ ಹೇಳಲಾರೆ. ನನಗೂ ಒಂದು ಇಟ್ಟಳು. ಹಲ್ಲಿನ ಹತ್ತಿರ ಬೆರಳು ತಂದು ಹೀಗೆ. ‘ಉಗುರು ಕಚ್ಚೋಳು’ ಅಂತ. ಇಂದಿಗೂ ಈ ಸಾಲುಗಳಲ್ಲಿ ನನ್ನ ಹೆಸರು ಅದೇ.

ಆಮೇಲೆ ದೇವಾಲಯದಲ್ಲಿ ಅವಳ ಪಕ್ಕ ಕೂತು ಅಯ್ಯನವರು ಮಾಡುವ ಪ್ರಸಂಗವನ್ನು ಮಡಿಲಲ್ಲೇ ಸಣ್ಣದಾಗಿ ಸನ್ನೆ ಮಾಡಿ ಹೇಳತೊಡಗಿದೆ. ಅದನ್ನು ಕಂಡು ಅವಳ ಸ್ನೇಹಿತರು ಬಂದರು, ಸಾಲು ಬೆಳೆಯಿತು. ಒಂದು ಭಾನುವಾರ ಹಿರಿಯ ಅಯ್ಯನವರು ಕರೆದು, ‘ಅಲ್ಲಿ ಮೂಲೆಯಲ್ಲಿ ಯಾಕಮ್ಮ, ಇಲ್ಲಿ ನನ್ನ ಪಕ್ಕಕ್ಕೆ ಬಂದು ನಿಲ್ಲು’ ಎಂದರು. ಬಂದು ನಿಂತೆ.

ಈ ಕೆಲಸದಲ್ಲಿ ಒಂದು ವಿಚಿತ್ರವಿದೆ. ಪ್ರಸಂಗ ಮಾಡುವವರು ‘ನಾನು’ ಎಂದಾಗ, ನಾನು ಅವರ ಕಡೆ ಬೆರಳು ತೋರಿಸುವುದಿಲ್ಲ. ನನ್ನ ಎದೆಯನ್ನೇ ಮುಟ್ಟಿಕೊಳ್ಳಬೇಕು. ಅವರು ‘ನಾನು ಪಾಪಿ’ ಎಂದರೆ ನಾನೇ ಪಾಪಿ, ‘ನಾನು ಯುದ್ಧ ನೋಡಿದ್ದೇನೆ’ ಎಂದರೆ ನಾನೇ ನೋಡಿದವಳು. ಒಮ್ಮೆ ಒಬ್ಬ ಅತಿಥಿ ‘ನನ್ನ ಬೋಳುತಲೆ’ ಎಂದರು, ಅದಕ್ಕೂ ನನ್ನ ತಲೆಯನ್ನೇ ಸವರಿಕೊಂಡೆ. ಅಷ್ಟು ವರ್ಷಗಳಲ್ಲಿ ಇಲ್ಲಿ ನಿಂತು ಎಷ್ಟು ಸಾವಿರ ಸಲ ಎದೆ ಮುಟ್ಟಿಕೊಂಡಿದ್ದೇನೋ. ಒಂದು ಸಲವೂ ಆ ‘ನಾನು’ ನಾನಾಗಿರಲಿಲ್ಲ. ಶಿಷ್ಯತ್ವ ಎಂದರೆ ಇದೇ ಇರಬೇಕು ಎಂದು ನನಗೆ ಆಗ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ತನ್ನನ್ನು ಬದಿಗಿಡುವುದು ಎಷ್ಟು ಸುಲಭ, ಬಟ್ಟೆ ಕಪ್ಪಗಿದ್ದರೆ ಸಾಕು ಎಂದುಕೊಂಡಿದ್ದೆ.

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಆಯಿತು, ಆದರೂ ಮತ್ತೆ ಎದ್ದು ನಡೆಯಲಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಂಡವರು ಇಲ್ಲಿ ಬಹಳ ಜನ ಇದ್ದೀರಿ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುತ್ತಿರಬೇಕು. ಅದು ಇಬ್ಬರ ಕೆಲಸ. ನಾದಿನಿ ಭುಜ ಹಿಡಿದು ಎತ್ತುವಳು, ನಾನು ಕೆಳಗಿನ ಹಾಸನ್ನು ಎಳೆಯುವೆ. ಅವಳು ಒರೆಸುವಳು, ನಾನು ಪೌಡರ್ ಹಾಕುವೆ. ಯಜಮಾನರು ನೀರಿನ ಮೀಟರ್ ಓದಲು ಬೆಳಗ್ಗೆಯೇ ಹೊರಟುಬಿಡುವರು. ಅತ್ತೆ ಮಾತ್ರ ಇಡೀ ಹೊತ್ತು ನಮ್ಮಿಬ್ಬರನ್ನೂ ಬೈಯುತ್ತಿರುವರು. ಒಬ್ಬಳಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ಅವಳ ಪಾಲೂ ನನಗೇ ಬರುತ್ತಿತ್ತು.

ಆ ಹೊತ್ತಿಗೆ, ಈಗ ಅವಳ ಪಕ್ಕದಲ್ಲಿ ಕೂತಿರುವ ಈ ಬಡಗಿಯವರು ನಮ್ಮ ಸಭೆಗೆ ಬರತೊಡಗಿದರು. ಅವರಿಗೂ ಕಿವಿ ಕೇಳಿಸದು, ಹೆಂಡತಿ ತೀರಿಕೊಂಡಿದ್ದರು, ಬೇರೆ ಊರಲ್ಲಿ ಕಿಟಕಿ ಬಾಗಿಲು ಮಾಡುವ ಅಂಗಡಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವರಿಬ್ಬರೂ ಮಾತಾಡುತ್ತಾ ನಿಂತರೆ, ಬಸ್ಸು ಒಂದರ ಹಿಂದೊಂದು ಹೋಗಿಬಿಡುತ್ತಿತ್ತು. ನಾದಿನಿಗೆ ನಲವತ್ತು ದಾಟಿತ್ತು. ಮದುವೆ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಅವಳ ಮುಂದೆ ಆಡಿರಲೇ ಇಲ್ಲ. ಅವರು ಕೇಳಿದರು. ‘ಯೋಚನೆ ಮಾಡ್ತೀನಿ’ ಎಂದಳಂತೆ. ನನಗೂ ಅಷ್ಟೇ ಹೇಳಿದಳು. ನಾನು ತುಂಬಾ ಸಂತೋಷ ಎಂದೆ. ಕೈಯಲ್ಲಿ ಎಂದೆ. ಮನಸ್ಸಿನಲ್ಲಿ ಮಾತ್ರ, ಇವಳು ಹೋದರೆ ಅತ್ತೆಯ ಭುಜ ಹಿಡಿಯುವವರು ಯಾರು ಎಂಬುದೊಂದೇ ಓಡುತ್ತಿತ್ತು.

ಅತ್ತೆಗೆ ಸುದ್ದಿ ಮುಟ್ಟಿತು. ನೋಡಲು ಬಂದ ಅಯ್ಯನವರ ಮುಂದೆ ಕಣ್ಣೀರು ಹಾಕಿದರು. ಮಗಳು ನನಗಾಗಿ ಮದುವೆ ಬೇಡ ಅಂದಿದ್ದಾಳೆ ಎಂದುಬಿಟ್ಟರು. ಅದು ಸುಳ್ಳೋ, ಅವರ ಆಸೆಯೋ, ನನಗೆ ಗೊತ್ತಿಲ್ಲ. ನಾನು ಆಗ ಒಳಗೆ ಅಯ್ಯನವರಿಗೆ ಕಾಫಿ ಮಾಡುತ್ತಿದ್ದೆ.

ಮುಂದಿನ ಭಾನುವಾರದ ಪ್ರಸಂಗ, ತನ್ನನ್ನು ತಾನು ಬಿಟ್ಟುಕೊಟ್ಟು ದಿನಾಲೂ ಶಿಲುಬೆ ಎತ್ತಿಕೊಂಡು ಹಿಂಬಾಲಿಸಬೇಕು ಎಂಬ ನಮ್ಮ ಕರ್ತನ ಕರೆಯ ಬಗ್ಗೆ. ಒಳ್ಳೆಯ ಪ್ರಸಂಗ. ಹಿರಿಯ ಅಯ್ಯನವರೇ, ನೀವು ಮಾಡಿದ ಅತಿ ಒಳ್ಳೆಯ ಪ್ರಸಂಗಗಳಲ್ಲಿ ಅದೂ ಒಂದು ಎಂದು ಈಗಲೂ ಹೇಳುತ್ತೇನೆ. ದಿನಾಲೂ ಎಂಬುದಕ್ಕೆ ನಮ್ಮ ಸನ್ನೆಯಲ್ಲಿ ಕೆನ್ನೆಯನ್ನು ಮತ್ತೆ ಮತ್ತೆ ಸವರಬೇಕು. ಅವರು ಆ ಪದವನ್ನು ಅಷ್ಟು ಸಲ ಹೇಳಿದರು, ನನ್ನ ಕೆನ್ನೆ ಕೆಂಪಗಾಗಿತ್ತು. ಆಮೇಲೆ ಸ್ವಲ್ಪ ನಿಲ್ಲಿಸಿ, ದನಿ ತಗ್ಗಿಸಿ ಹೇಳಿದರು: ‘ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಮ್ಮ ನಡುವೆಯೇ ಒಬ್ಬ ಸಹೋದರಿ ಇದ್ದಾಳೆ. ಹಾಸಿಗೆ ಹಿಡಿದ ತಾಯಿಗೋಸ್ಕರ ತನಗೆ ಬಂದ ಮದುವೆಯನ್ನೇ ಬಿಟ್ಟುಕೊಟ್ಟಿದ್ದಾಳೆ.’

ನನ್ನ ಕೈ ನಿಂತಿತು.

ಅಂಥದ್ದು ಹಿಂದೆಂದೂ ಆಗಿರಲಿಲ್ಲ. ಎರಡು ಕೈಗಳೂ ಗಾಳಿಯಲ್ಲಿ ಹಾಗೇ ಉಳಿದವು. ನಿಮ್ಮ ತಲೆಗಳೆಲ್ಲ ಎಡಕ್ಕೆ ತಿರುಗಿದವು. ಎಲ್ಲರ ಮುಖದಲ್ಲೂ ಕರುಣೆ, ಮೆಚ್ಚುಗೆ, ಕೆಲವರ ಕಣ್ಣಲ್ಲಿ ನೀರು. ನಾದಿನಿಗೆ ಕಾಣುತ್ತಿದ್ದದ್ದು ಅಷ್ಟೇ: ಇಡೀ ದೇವಾಲಯ ತನ್ನನ್ನು ನೋಡುತ್ತಿದೆ, ಯಾಕೆಂದು ತಿಳಿಯದು. ಅವಳು ನನ್ನ ಕಡೆ ನೋಡಿ, ‘ಏನು?’ ಎಂದು ಕೇಳಿದಳು. ‘ಸ್ವಲ್ಪ ತಾಳು, ಮನೆಗೆ ಹೋಗಿ ಹೇಳ್ತೀನಿ’ ಎಂದೆ.

ಸಭಿಕರೇ, ಆ ಗಳಿಗೆಯಲ್ಲಿ ನಾನು ಯಾರನ್ನು ಕಾಪಾಡುತ್ತಿದ್ದೆ? ಅವಳನ್ನೇ? ಅಯ್ಯನವರನ್ನೇ? ಅಥವಾ ಈ ಹೊಗಳಿಕೆ ಹೀಗೇ ಗಟ್ಟಿಯಾಗಿ ಕೂತರೆ ಅವಳು ಎಲ್ಲಿಗೂ ಹೋಗಲಾರಳು, ಅತ್ತೆಯ ಭುಜಕ್ಕೆ ಕೈ ಇರುತ್ತದೆ ಎಂದು ನನ್ನನ್ನೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ.

ಅವಳು ನನ್ನನ್ನು ಬಿಡಲಿಲ್ಲ. ಕೂತಲ್ಲಿಂದಲೇ ದೊಡ್ಡದಾಗಿ ಸನ್ನೆ ಮಾಡಿದಳು. ‘ಎಲ್ಲಾ ಹೇಳು. ನನ್ನ ವಿಷಯ ಅಂತ ಗೊತ್ತಾಯ್ತು. ಊರಿಗೆಲ್ಲ ಕೇಳಿಸಿದ್ದು ನನಗೊಬ್ಬಳಿಗೆ ಯಾಕೆ ಬೇಡ? ನನ್ನ ಪರವಾಗಿ ನೀನು ಆರಿಸಬೇಡ.’

ಆಗ ಹೇಳಿದೆ. ಒಂದಕ್ಷರ ಬಿಡದೆ, ಅಯ್ಯನವರ ದನಿಯಲ್ಲಿದ್ದ ಪ್ರೀತಿಯನ್ನೂ ಬಿಡದೆ ತೋರಿಸಿದೆ, ಯಾಕೆಂದರೆ ಅವರು ಪ್ರೀತಿಯಿಂದಲೇ ಹೇಳಿದ್ದರು. ಅವಳು ಕೊನೆಯವರೆಗೂ ನೋಡಿದಳು. ಆಮೇಲೆ ಎದ್ದು ನಿಂತಳು. ನಿಂತು, ಅಯ್ಯನವರ ಮುಖ ನೋಡುತ್ತಾ ಕೈಯೆತ್ತಿದಳು. ಅವಳು ಕೈಯೆತ್ತಿದರೆ ನಾನು ಬಾಯಿ ತೆರೆಯಬೇಕು, ಅದೇ ಈ ಕೆಲಸದ ಕಟ್ಟಳೆ. ಮೈಕಿಗೆ ಬಾಗಿ ಹೇಳಿದೆ:

‘ಅಯ್ಯನವರೇ, ನಾನು ಇನ್ನೂ ಏನನ್ನೂ ಬಿಟ್ಟುಕೊಟ್ಟಿಲ್ಲ. ನಾನು ಕೊಡದೇ ಇರೋದನ್ನ ನನ್ನ ಕೈಯಿಂದ ತಗೊಂಡು ಕಾಣಿಕೆ ತಟ್ಟೆಗೆ ಹಾಕಬೇಡಿ. ಇಷ್ಟು ದಿನ ಯೋಚನೆ ಮಾಡ್ತಿದ್ದೆ. ಈಗ ತೀರ್ಮಾನ ಮಾಡಿದೆ. ನಾನು ಹೋಗ್ತೀನಿ.’

ನಾನು ಹೋಗ್ತೀನಿ. ನನ್ನ ಬಾಯಿ, ನನ್ನ ದನಿ, ಇದೇ ಸ್ಪೀಕರು. ಹೇಳುವಾಗಲೇ ನನಗೆ ಗೊತ್ತಿತ್ತು, ಈ ಮಾತು ಮುಗಿದ ಕ್ಷಣದಿಂದ ಅತ್ತೆಯ ಮೈಭಾರವೆಲ್ಲ ನನ್ನ ಒಬ್ಬಳ ತೋಳಿನ ಮೇಲೆ. ಗೊತ್ತಿದ್ದೂ, ಆ ಎರಡು ಶಬ್ದ ಹೊರಗೆ ಬಂದಾಗ ನನ್ನ ಮೈ ಹಗುರಾಯಿತು. ಯಾಕೆ ಹಗುರಾಯಿತು? ಹೋಗುವವಳು ಅವಳಲ್ಲವೇ? ಅಷ್ಟು ವರ್ಷ ಯಾರ್ಯಾರದೋ ಮಾತಾಡಿದವಳಿಗೆ, ಅಂದು ಮೊದಲ ಸಲ ನನ್ನದೇ ಮಾತು ಆಡಿದ ಹಾಗಾಯಿತು. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಯಜಮಾನರು ಹಿಂದಿನ ಬಾಗಿಲ ಹತ್ತಿರ ಕೂತಿದ್ದಾರೆ. ಮನೆಗೆ ಹೋದ ಮೇಲೆ ಮಾತಾಡೋಣ ಕಣ್ರೀ.

ಹಿರಿಯ ಅಯ್ಯನವರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರು ಮುಂದಿದ್ದ ಪುಸ್ತಕ ಮುಚ್ಚಿದರು. ಆಮೇಲೆ, ‘ತಪ್ಪು ನನ್ನದು ಮಗಳೇ. ಕೇಳದೆ ಹೇಳಿಬಿಟ್ಟೆ’ ಎಂದರು. ಅದನ್ನೂ ನಾನೇ ಅವಳಿಗೆ ಹೇಳಿದೆ, ನನ್ನ ಎದೆ ಮುಟ್ಟಿಕೊಂಡು. ಅವಳ ಮದುವೆಯನ್ನು ಮಾಡಿಸಿದವರೂ ಅವರೇ.

ಆದರೆ ಆ ಭಾನುವಾರ ನಾವು ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿತ್ತು. ನಮ್ಮ ಸ್ತ್ರೀಯರ ಸಂಘದ ಕಾಲು ಎಷ್ಟು ಚುರುಕು ಎಂದು ನಿಮಗೆ ತಿಳಿದೇ ಇದೆ. ಯಾರೋ ಹೋಗಿ ಅತ್ತೆಗೆ, ನಿಮ್ಮ ಸೊಸೆ ಮೈಕಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟಳು ಎಂದಿದ್ದರು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ಕರೆದರು.

‘ನನ್ನ ಮಗಳು ಹೋಗ್ತಾಳಂತಾ?’

ಹೌದು ಅತ್ತೆ, ಹಾಗಂತ ಅವಳೇ ಹೇಳಿದಳು ಎಂದೆ.

‘ಅವಳು ಬಾಯಿಬಿಟ್ಟು ಹೇಳಿದ್ಳಾ?’

ಬಾಯಿ ನನ್ನದು, ಮಾತು ಅವಳದು ಎಂದೆ.

‘ಬಾಯಿ ನಿನ್ನದಾದ್ರೆ ಮಾತೂ ನಿನ್ನದೇ. ಅವಳನ್ನ ಕಳಿಸ್ತಿರೋಳು ನೀನು’ ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಮೈ ತಿರುಗಿಸಲು ಆಗುತ್ತಿರಲಿಲ್ಲವಲ್ಲ, ಮುಖ ಮಾತ್ರ.

ನಾದಿನಿ ಬಾಗಿಲಲ್ಲಿ ನಿಂತಿದ್ದಳು, ಏನೆಂದು ಕೇಳಿದಳು. ಹೇಳಿದೆ. ಅವಳು ಸಿಡಿದೆದ್ದು ಮಂಚದ ಪಕ್ಕ ಕೂತು, ತಾಯಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಸನ್ನೆ ಮಾಡಿದಳು. ಅತ್ತೆಗೆ ಅರ್ಥವಾಗಲಿಲ್ಲ. ಉಣ್ಣು, ಬಾ, ಬೇಡ ಎಂಬುದರಲ್ಲಿ ಈ ಮಾತು ಹೇಗೆ ಹಿಡಿಸೀತು? ಹಾಗಾಗಿ ನಾನೇ ಪಕ್ಕದಲ್ಲಿ ನಿಂತು, ಅವಳ ಕೈ ಹೇಳಿದ್ದನ್ನು ಬಾಯಲ್ಲಿ ಹೇಳಬೇಕಾಯಿತು: ‘ಅಮ್ಮ, ತೀರ್ಮಾನ ಮಾಡಿದ್ದು ನಾನೇ. ಅತ್ತಿಗೆ ಬರೀ ನನ್ನ ಮಾತು ಹೇಳಿದ್ದು. ಅವಳದೇನೂ ತಪ್ಪಿಲ್ಲ.’

ಅತ್ತೆ ನನ್ನನ್ನು ನೋಡಿ ನಕ್ಕರು. ‘ಚೆನ್ನಾಗಿ ಹೇಳ್ತೀಯ’ ಎಂದರು.

ನನ್ನ ಮೇಲಿನ ಆರೋಪಕ್ಕೆ ಸಾಕ್ಷಿ ಹೇಳಬಲ್ಲವಳು ಒಬ್ಬಳೇ. ಆ ಸಾಕ್ಷಿಯೂ ನನ್ನ ಬಾಯಿಂದಲೇ ಹೊರಡಬೇಕು. ಇಂಥ ನ್ಯಾಯಾಲಯದಲ್ಲಿ ಯಾರು ಗೆದ್ದಾರು? ಯಜಮಾನರೂ ಹೇಳಿನೋಡಿದರು. ಹೆಂಡತಿಯ ಪರ ಹೇಳದೆ ಇನ್ನೇನು ಮಾಡ್ತೀಯ ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು.

ನಾದಿನಿ ಮದುವೆಯಾಗಿ ಹೋದಳು. ಕೆಲವು ವರ್ಷ ನಾನೊಬ್ಬಳೇ ಅತ್ತೆಯನ್ನು ನೋಡಿಕೊಂಡೆ. ಒಬ್ಬರೇ ಮಗ್ಗುಲು ಬದಲಿಸುವುದಕ್ಕೂ ಒಂದು ಉಪಾಯವಿದೆ. ಮಂಚದ ಮೇಲೆ ಒಂದು ಮೊಣಕಾಲು ಊರಿ, ಹಾಸಿನ ಆಚೆಯ ಅಂಚನ್ನು ಹಿಡಿದು ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಆಗ ಅವರ ಮುಖ ನಮ್ಮ ಎದೆಗೆ ಬಂದು ತಾಗುತ್ತದೆ. ದಿನಾ ಆ ಹೊತ್ತಿಗೆ ಸರಿಯಾಗಿ ಅತ್ತೆ ಹೇಳುತ್ತಿದ್ದರು: ‘ನನ್ನ ಮಗಳು ಇದ್ದಿದ್ರೆ.’ ಅಷ್ಟೇ. ಮುಂದಿನದ್ದನ್ನು ಹೇಳುತ್ತಿರಲಿಲ್ಲ. ನಾನು ದಿನಾ ಅದಕ್ಕೊಂದು ಉತ್ತರ ಕೊಡುತ್ತಿದ್ದೆ. ಅವಳೇ ಹೋದದ್ದು ಅತ್ತೆ, ನಾನು ಕಳಿಸಿದ್ದಲ್ಲ ಎನ್ನುತ್ತಿದ್ದೆ. ಎದೆಯ ಮೇಲೆ ಒರಗಿದವರ ಜೊತೆ ಆ ಸ್ಥಿತಿಯಲ್ಲಿ ವಾದ ಮಾಡುತ್ತಿದ್ದೆ, ನೋಡಿ ನನ್ನ ಬುದ್ಧಿ.

ನನಗೆ ಆ ಕೆಲಸ ಭಾರವಾಗಲಿಲ್ಲ ಎಂದು ಹೇಳಲಾರೆ. ಆದರೆ ಕೆಲಸಕ್ಕಿಂತ ಆ ಮಾತು ಭಾರವಾಗಿತ್ತು. ಭಾನುವಾರ ಇಲ್ಲಿ ಬೆಳಕಿನಲ್ಲಿ ನಿಂತರೆ ನೀವೆಲ್ಲ ಎಂಥ ತ್ಯಾಗ ಎನ್ನುತ್ತಿದ್ದಿರಿ. ನಿಜ ಹೇಳಬೇಕೆಂದರೆ ಇಲ್ಲಿ ನಿಲ್ಲುವುದು ನನಗೆ ವಾರವಿಡೀ ಕಾಯುತ್ತಿದ್ದ ಹಬ್ಬ. ಅಷ್ಟು ಕಣ್ಣುಗಳು ನನ್ನ ಕೈಗಳ ಮೇಲೇ ಇರುತ್ತಿದ್ದವು. ಆ ಕೋಣೆಯಲ್ಲಿ ನನ್ನನ್ನು ನೋಡುವವರು ಒಬ್ಬರೇ, ಅವರೂ ಅಪರಾಧಿಯನ್ನು ನೋಡುವ ಹಾಗೆ ನೋಡುತ್ತಿದ್ದರು.

ಒಂದು ಬೆಳಗ್ಗೆ ನಾನು ಆ ಕೋಣೆಗೆ ಹೋಗಲಿಲ್ಲ. ಯಜಮಾನರು ಕೆಲಸಕ್ಕೆ ಹೋಗಿದ್ದರು. ನಾನು ಬಟ್ಟೆ ಬದಲಿಸಿ, ಚಪ್ಪಲಿ ಹಾಕಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಲ್ಲಿ ಕೂತೆ. ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ. ಪ್ರಾರ್ಥನೆ ಮಾಡೋಣವೆಂದರೆ ಬರಲಿಲ್ಲ. ಒಳಗಿನಿಂದ ಅತ್ತೆ ಕೆಮ್ಮಿದರು. ಕರೆಯಲಿಲ್ಲ, ಕೆಮ್ಮಿದರು ಅಷ್ಟೇ. ಎಷ್ಟೋ ಹೊತ್ತು ಕೂತಿದ್ದು, ಎದ್ದು, ಚಪ್ಪಲಿಯಲ್ಲೇ ಒಳಗೆ ಹೋದೆ. ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

‘ಹೋಗ್ತಿದ್ದೀಯಾ?’

ನಾನು ಹೆಗಲಿನ ಚೀಲ ಸರಿಮಾಡಿಕೊಂಡೆ.

‘ಹೋಗು. ಮಗ್ಗುಲು ಬದಲಿಸಿ ಹೋಗು’ ಎಂದರು.

ಹೆಗಲಿನ ಚೀಲದ ಜೊತೆಗೇ ಮೊಣಕಾಲೂರಿ ಎಳೆದುಕೊಂಡೆ. ಆ ದಿನ ಅವರು ಮಗಳ ಮಾತು ಎತ್ತಲಿಲ್ಲ. ನಾನೂ ವಾದ ಮಾಡಲಿಲ್ಲ. ಒರೆಸಿದೆ, ಪೌಡರ್ ಹಾಕಿದೆ, ಮಧ್ಯಾಹ್ನ ಊಟಕ್ಕೆ ಇಡುವಾಗ ನೋಡಿದರೆ ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ನನ್ನ ಇಡೀ ಶಿಷ್ಯತ್ವದಲ್ಲಿ ದೇವರಿಗೆ ತೋರಿಸಬಹುದಾದ ಬೆಳಗ್ಗೆ ಒಂದಿದ್ದರೆ ಅದು. ಅದರಲ್ಲಿ ಹಾಡಿರಲಿಲ್ಲ, ಪ್ರೀತಿಯೂ ಇತ್ತೋ ಇಲ್ಲವೋ. ಎದ್ದು ಒಳಗೆ ಹೋದೆ, ಅಷ್ಟೇ. ಮಾರನೆಯ ಬೆಳಗ್ಗೆ ಮತ್ತೆ ಮೊದಲಿನಿಂದ ಶುರುವಾಯಿತು. ‘ನನ್ನ ಮಗಳು ಇದ್ದಿದ್ರೆ’ ಎಂದು ಅವರು, ‘ನಾನು ಕಳಿಸಿದ್ದಲ್ಲ’ ಎಂದು ನಾನು.

ಅತ್ತೆಯ ಕೊನೆ ಹತ್ತಿರವಾದಾಗ ನಾದಿನಿಯೂ ಅವಳ ಗಂಡನೂ ಬಂದು ನಮ್ಮಲ್ಲೇ ಉಳಿದರು. ಒಂದು ಮಧ್ಯಾಹ್ನ ಅತ್ತೆಗೆ ಚೆನ್ನಾಗಿ ಎಚ್ಚರವಿತ್ತು. ಮಗಳ ಕೈಯನ್ನು ತೆಗೆದುಕೊಂಡು ಕೆನ್ನೆಗಿಟ್ಟುಕೊಂಡರು. ಹೊಲಿದು ಹೊಲಿದು ಒರಟಾದ ಕೈ. ಅಳಿಯನನ್ನು ನೋಡಿದರು, ಅವಳು ಉಟ್ಟಿದ್ದ ಬಟ್ಟೆ, ತುಂಬಿಕೊಂಡ ಮುಖ, ಎಲ್ಲವನ್ನೂ ನಿಧಾನವಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: ‘ಇವಳನ್ನ ಕಳಿಸಿದ್ದು ನೀನೇ. ಆದ್ರೆ ಚೆನ್ನಾಗಿದ್ದಾಳೆ. ಹೋಗ್ಲಿ ಬಿಡು, ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ.’

ಮಾಡದ ತಪ್ಪಿಗೆ ನನಗೆ ಕ್ಷಮೆ ಸಿಕ್ಕಿತು. ಬಾಯಿಯ ತುದಿಯಲ್ಲಿ ಅದೇ ಹಳೆಯ ಉತ್ತರ ಬಂದು ನಿಂತಿತ್ತು. ನಾನಲ್ಲ ಅತ್ತೆ, ಎನ್ನಬೇಕು. ಆದರೆ ಅವರ ಕಣ್ಣಲ್ಲಿ, ಇಷ್ಟು ವರ್ಷದಲ್ಲಿ ಮೊದಲ ಸಲ, ನನಗೆ ಏನೋ ಕೊಡುತ್ತಿರುವ ಭಾವವಿತ್ತು. ಬೇಡವೆಂದರೆ ಅದು ಅವರ ಕೈಯಲ್ಲೇ ಉಳಿದುಬಿಡುತ್ತಿತ್ತು.

‘ಹೂಂ ಅತ್ತೆ’ ಎಂದೆ.

ನಾದಿನಿ ನನ್ನ ತೋಳು ತಟ್ಟಿ, ಅಮ್ಮ ಏನು ಹೇಳಿದಳು ಎಂದು ಕೇಳಿದಳು. ಅವಳಿಗೆ ಆರಿಸಿ ಹೇಳುವ ಹಾಗಿಲ್ಲವಲ್ಲ, ಎಲ್ಲವನ್ನೂ ಹೇಳಿದೆ, ನನ್ನ ಹೂಂ ಅನ್ನೂ ಸೇರಿಸಿ. ಅವಳಿಗೆ ಕೋಪ ಬಂತು. ಯಾಕೆ ಒಪ್ಪಿಕೊಂಡೆ, ನಿಜ ಹೇಳು, ಈಗಲೇ ಹೇಳು, ಆಮೇಲೆ ಆಗುವುದಿಲ್ಲ ಎಂದು ಕೈ ಬಡಿದುಕೊಂಡಳು. ‘ಬಿಡು’ ಎಂದೆ. ಅತ್ತೆ ನಮ್ಮಿಬ್ಬರ ಕೈಗಳನ್ನೂ ನೋಡುತ್ತಿದ್ದರು, ಏನೂ ಅರ್ಥವಾಗದೆ, ಶಾಂತವಾಗಿ. ಮಾರನೆಯ ದಿನ ತೀರಿಕೊಂಡರು.

ಇನ್ನು ನಾನು ಈ ಕೆಲಸ ಯಾಕೆ ಬಿಡುತ್ತಿದ್ದೇನೆ ಎಂದು ಬಹಳ ಜನ ಕೇಳಿದ್ದೀರಿ. ವಯಸ್ಸಾಯಿತು, ಮಣಿಕಟ್ಟು ನೋಯುತ್ತದೆ ಎಂದು ಕಾರ್ಯದರ್ಶಿಗಳು ಓದಿದರು. ನೋವು ನಿಜ. ಆದರೆ ಕಾರಣ ಅದಲ್ಲ. ಈಗಲೂ ಆಗಾಗ ಗಂಡನ ಊರಿಂದ ಇಲ್ಲಿಗೆ ಬರುವ ನಾದಿನಿ, ಈಚೆಗೆ ಒಂದು ದಿನ ಆರಾಧನೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: ‘ಬೇಜಾರು ಮಾಡ್ಕೋಬೇಡ. ಇತ್ತೀಚೆಗೆ ನಿನ್ನ ಕೈಯಲ್ಲಿ ಪ್ರಸಂಗ ಮಾಡೋರೆಲ್ಲ ಒಂದೇ ಥರ ಮಾತಾಡ್ತಾರೆ. ಎಲ್ಲಾರೂ ನಿನ್ನ ಹಾಗೇ ಮಾತಾಡ್ತಾರೆ.’

ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಆಮೇಲೆ ಯೋಚಿಸಿದೆ. ನಿಜ. ಒರಟಾಗಿ ಹೇಳಿದ್ದನ್ನು ಮೆತ್ತಗೆ ಮಾಡುತ್ತಿದ್ದೆ. ಸಪ್ಪೆಯಾಗಿದ್ದಕ್ಕೆ ಉಪ್ಪು ಹಾಕುತ್ತಿದ್ದೆ. ಈಗಿನ ನಮ್ಮ ಸಭಾಪಾಲಕರು ಕ್ಷಮಿಸಬೇಕು, ನಿಮ್ಮ ಕೆಲವು ಜೋಕುಗಳಿಗೆ ಎಡಗಡೆಯವರು ನಕ್ಕದ್ದು ನನ್ನ ಜೋಕಿಗೆ. ಬದಿಗಿಟ್ಟೆ ಬದಿಗಿಟ್ಟೆ ಎಂದುಕೊಂಡ ಆ ‘ನಾನು’ ಯಾವಾಗಲೋ ಹಿಂದಿನ ಬಾಗಿಲಿಂದ ಬಂದು, ಪರರ ಮಾತಿನೊಳಗೆ ಮನೆ ಮಾಡಿಕೊಂಡಿದ್ದಳು. ಅದಕ್ಕೇ ಜಾಗ ಬಿಟ್ಟುಕೊಟ್ಟೆ. ಸಂತೋಷದಿಂದ ಬಿಟ್ಟೆ ಎಂದರೆ ಟೀಚರಮ್ಮನಿಗೂ ನಗು ಬರುತ್ತದೆ. ಈಗ ನಾನು ಹೇಳುತ್ತಿರುವುದನ್ನು ಅವರು ಹೇಗೆ ಸನ್ನೆ ಮಾಡುತ್ತಿದ್ದಾರೆ ಎಂದು ಓರೆಗಣ್ಣಿನಿಂದ ನೋಡುತ್ತಲೇ ಇದ್ದೇನೆ. ಚೆನ್ನಾಗಿ ಮಾಡುತ್ತಿದ್ದಾರೆ. ಅದೂ ಸ್ವಲ್ಪ ಚುಚ್ಚುತ್ತಿದೆ.

ನಾನು ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆದರೆ ಮಾತಾಡುತ್ತಾ ಮಾತಾಡುತ್ತಾ ಒಂದು ವಿಷಯ ನನಗೇ ಈಗ ಕಾಣಿಸುತ್ತಿದೆ. ಹೇಳದೆ ಹೋದರೆ ನಿದ್ದೆ ಬರುವುದಿಲ್ಲ.

ಇಷ್ಟು ಹೊತ್ತು ನಾನು ನಿಮ್ಮ ಮುಂದೆ ಮಾಡಿದ್ದೇನು? ಸನ್ಮಾನಕ್ಕೆ ಉತ್ತರ ಕೊಡುತ್ತೇನೆಂದು ಎದ್ದು ನಿಂತೆ. ಕೊಟ್ಟದ್ದು ನನ್ನ ಪರವಾದ ಸಾಕ್ಷಿ. ಅವಳನ್ನು ಕಳಿಸಿದ್ದು ನಾನಲ್ಲ, ಅವಳೇ ಹೋದದ್ದು, ಕೇಳಿ ಅವಳನ್ನೇ ಎಂದು, ತೀರಿಹೋದ ಅತ್ತೆಯ ಜೊತೆ ಇನ್ನೂ ವಾದ ಮಾಡಿದೆ. ಆ ಮಧ್ಯಾಹ್ನ ‘ಹೂಂ’ ಎಂದು ಬಿಟ್ಟುಕೊಟ್ಟದ್ದನ್ನು, ಇಂದು ಮೈಕು ಸಿಕ್ಕಿತೆಂದು, ಇಷ್ಟು ಜನರ ಮುಂದೆ ವಾಪಸ್ಸು ಕೇಳಿಬಿಟ್ಟೆ. ಅತ್ತೆಗೆ ಉತ್ತರ ಕೊಡಲು ಬಾಯಿಲ್ಲದ ಹೊತ್ತು ನೋಡಿ ಕೇಳಿದೆ.

ಒಂದು ಸಲ ಬಿಟ್ಟುಕೊಟ್ಟರೆ ಸಾಲುವುದಿಲ್ಲವೆಂದು ಗೊತ್ತಿದ್ದೇ ಇರಬೇಕು ನಮ್ಮ ಕರ್ತನಿಗೆ. ಇಲ್ಲದಿದ್ದರೆ ದಿನಾಲೂ ಎಂಬ ಮಾತನ್ನು ಯಾಕೆ ಸೇರಿಸುತ್ತಿದ್ದ?

ಆದ್ದರಿಂದ ನೀವು ಕೊಟ್ಟ ಸನ್ಮಾನವನ್ನು ನಾನು ತಿರಸ್ಕರಿಸುವುದಿಲ್ಲ, ತಿರಸ್ಕರಿಸುವುದರಲ್ಲೂ ಒಂದು ದೊಡ್ಡಸ್ತಿಕೆ ಇರುತ್ತದೆ. ತೆಗೆದುಕೊಂಡು ಹೋಗುತ್ತೇನೆ. ನಾಳೆ ಬೆಳಗ್ಗೆ ಎದ್ದಾಗ ಅತ್ತೆಗೆ ಮತ್ತೊಮ್ಮೆ ಹೂಂ ಎನ್ನಲು ಪ್ರಯತ್ನಿಸುತ್ತೇನೆ. ನಾಡಿದ್ದು ಏನೋ, ಈಗ ಹೇಳಲಾರೆ.

ನನ್ನ ಮಾತಿಗೆ ಕೈ ಕೊಟ್ಟ ಟೀಚರಮ್ಮನಿಗೆ, ತಪ್ಪನ್ನು ಒಪ್ಪಿಕೊಳ್ಳುವುದು ಹೇಗೆಂದು ತೋರಿಸಿದ ಹಿರಿಯ ಅಯ್ಯನವರಿಗೆ, ಜೋಕುಗಳ ವಿಷಯದಲ್ಲಿ ನನ್ನನ್ನು ಸಹಿಸಲಿರುವ ಅಧ್ಯಕ್ಷರಿಗೆ, ಹಿಂದಿನ ಬಾಗಿಲ ಹತ್ತಿರ ಕೂತಿರುವ, ಎದ್ದು ಹೋಗದೆ ಇನ್ನೂ ಕೂತೇ ಇರುವ ನಮ್ಮ ಯಜಮಾನರಿಗೆ, ನನಗೆ ಎರಡನೆಯ ನಾಲಿಗೆ ಕೊಟ್ಟು, ಅದರ ಕೊಬ್ಬನ್ನೂ ಇಳಿಸಿದ ನನ್ನ ನಾದಿನಿಗೆ, ಮತ್ತು ಇಷ್ಟು ಹೊತ್ತು ಹಸಿವು ತಡೆದುಕೊಂಡ ನಿಮಗೆಲ್ಲ ನಾನು ಋಣಿ.

ಇದು ನನ್ನ ಮಾತು. ನಮಸ್ಕಾರ.